ಅಗಾಥಾ ಕ್ರಿಸ್ಟಿ ಮೆಚ್ಚಿ ಓದಿದ ಪುಸ್ತಕಗಳು

1963ರಲ್ಲಿ ಬಂದ 'ದಿ ಕ್ಲಾಕ್ಸ್' ಕಾದಂಬರಿಯಲ್ಲಿ ಪತ್ತೇದಾರ ಹರ್ಕ್ಯೂಲ್ ಪ್ವಾರೊಗೆ ಕೆಲಸವಿಲ್ಲ. ಹೊತ್ತು ಕಳೆಯಲು ಪತ್ತೇದಾರಿ ಕಾದಂಬರಿಗಳನ್ನು ಗುಡ್ಡೆ ಹಾಕಿಕೊಂಡು ಓದುತ್ತಾ ಕೂತಿದ್ದಾನೆ. ನೋಡಲು ಬಂದ ಕಿರಿಯ ಗೆಳೆಯನಿಗೆ ಒಂದೊಂದನ್ನೇ ಎತ್ತಿ ತೋರಿಸಿ ತೀರ್ಪು ಹೇಳುತ್ತಾನೆ. ಅಮೆರಿಕದ ಅನ್ನಾ ಕ್ಯಾಥರಿನ್ ಗ್ರೀನ್ ಬರೆದ 'ದಿ ಲೆವನ್‌ವರ್ತ್ ಕೇಸ್' ಅವನಿಗೆ ಇಷ್ಟ. ಫ್ರಾನ್ಸಿನ ಗಸ್ತೋಂ ಲರೂ ಅವರ 'ದಿ ಮಿಸ್ಟರಿ ಆಫ್ ದಿ ಯೆಲ್ಲೋ ರೂಮ್' ಮೊದಲಿಂದ ಕಡೆಯವರೆಗೂ ಮೆಚ್ಚಿಗೆ. ಷರ್ಲಾಕ್ ಹೋಮ್ಸ್ ಕಥೆಗಳ ಮಾತು ಬಂದಾಗ ಅವನು ತಲೆಬಾಗುವುದು ಹೋಮ್ಸ್‌ಗಲ್ಲ, ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್‌ಗೆ.

ಇದು ಪ್ವಾರೊನ ಬಾಯಲ್ಲಿ ಬಂದ ಪಟ್ಟಿಯಾದರೂ ಅಗಾಥಾ ಕ್ರಿಸ್ಟಿ ಅವರ ಸ್ವಂತ ಓದಿನದೇ ಪಟ್ಟಿ. ಎಪ್ಪತ್ತು ದಾಟಿದ ಲೇಖಕಿ ತಾನು ಹುಡುಗಿಯಾಗಿದ್ದಾಗ ಓದಿದ ಪುಸ್ತಕಗಳನ್ನು ತನ್ನ ಪತ್ತೇದಾರನ ಕೈಗಿಟ್ಟು ಹೀಗೆ ಋಣ ತೀರಿಸುವುದು ನನಗೆ ಬಹಳ ಹಿಡಿಸಿದ ಸಂಗತಿ. ಅವರ ಜಾಣತನವನ್ನು ಹೊಗಳುವವರು ಬೇಕಾದಷ್ಟು ಜನರಿದ್ದಾರೆ. ಆ ಜಾಣತನದ ಬೇರು ಅವರ ಓದಿನಲ್ಲಿದೆ ಎಂಬುದು ಮಾತ್ರ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ.

1890ರಲ್ಲಿ ಇಂಗ್ಲೆಂಡಿನ ಕಡಲೂರು ಟಾರ್ಕಿಯಲ್ಲಿ ಹುಟ್ಟಿದ ಅಗಾಥಾಗೆ ಎಂಟು ವರ್ಷ ತುಂಬುವವರೆಗೆ ಓದು ಕಲಿಸಬಾರದೆಂದು ತಾಯಿ ನಿರ್ಧರಿಸಿದ್ದರು. ಕಥೆ ಓದಿಸಿಕೊಂಡು ಓದಿಸಿಕೊಂಡು ಅಕ್ಷರಗಳ ಗುರುತು ಹಿಡಿದ ಮಗು ಐದರ ಸುಮಾರಿಗೇ ತಾನಾಗಿ ಓದತೊಡಗಿತು. ಹೋಮ್ಸ್‌ನನ್ನು ಪರಿಚಯಿಸಿದವಳು ಅಕ್ಕ ಮ್ಯಾಡ್ಜ್. 'ಲೆವನ್‌ವರ್ತ್ ಕೇಸ್' ಕಥೆ ಕೇಳಿಸಿದವಳೂ ಅವಳೇ. ಮುಂದೆ 'ಯೆಲ್ಲೋ ರೂಮ್' ಓದಿ ಅಕ್ಕತಂಗಿಯರು ಮಾತಾಡುತ್ತಿದ್ದಾಗ, ತಾನೂ ಇಂಥದೊಂದು ಬರೆಯಬೇಕೆಂದು ತಂಗಿ ಹೇಳಿದಳು. ನಿನ್ನಿಂದ ಆಗಲಿಕ್ಕಿಲ್ಲ, ಬಹಳ ಕಷ್ಟದ ಕೆಲಸ ಎಂದಳು ಅಕ್ಕ. ಆ ಮಾತು ಅಗಾಥಾರ ಮನಸ್ಸಿನಲ್ಲಿ ನಾಟಿತು.

ಈ ಎರಡು ಪುಸ್ತಕಗಳ ಬಗ್ಗೆ ಸ್ವಲ್ಪ ಹೇಳಬೇಕು. 'ಲೆವನ್‌ವರ್ತ್ ಕೇಸ್' ಬಂದದ್ದು 1878ರಲ್ಲಿ, ಹೋಮ್ಸ್ ಮುದ್ರಣ ಕಾಣುವುದಕ್ಕೆ ಒಂಬತ್ತು ವರ್ಷ ಮೊದಲು. ನ್ಯೂಯಾರ್ಕಿನ ಸಿರಿವಂತನೊಬ್ಬ ತನ್ನ ಮನೆಯ ಗ್ರಂಥಾಲಯದಲ್ಲಿ ಗುಂಡೇಟಿಗೆ ಸತ್ತಿದ್ದಾನೆ. ಮನೆಯಲ್ಲಿ ಅವನ ಸೋದರರ ಇಬ್ಬರು ಹೆಣ್ಣುಮಕ್ಕಳು, ಆಳುಕಾಳು, ಕಾರ್ಯದರ್ಶಿ. ವಕೀಲರ ಮಗಳಾದ ಗ್ರೀನ್ ವಿಚಾರಣೆಯ ದೃಶ್ಯಗಳನ್ನು ಬರೆದಿರುವ ಬಗೆ ಇವತ್ತಿಗೂ ಬಿಗಿಯಾಗಿದೆ. ಭಾವುಕತೆ ಅಲ್ಲಲ್ಲಿ ಅತಿಯಾಯಿತು ಅನ್ನಿಸುವುದು ನಿಜ, ಆದರೆ ಮನೆಯೊಳಗಿನವರಲ್ಲೇ ಒಬ್ಬ ಕೊಲೆಗಾರ ಎಂಬ ಕ್ರಿಸ್ಟಿ ಶೈಲಿಯ ಅಡಿಪಾಯ ಇಲ್ಲಿ ಕಣ್ಣಿಗೆ ಕಾಣುತ್ತದೆ.

'ಯೆಲ್ಲೋ ರೂಮ್' ಕಥೆಯಲ್ಲಿ ವಿಜ್ಞಾನಿಯೊಬ್ಬರ ಮಗಳು ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಹಲ್ಲೆಗೊಳಗಾಗುತ್ತಾಳೆ. ಕೂಗು ಕೇಳಿ ಬಾಗಿಲು ಒಡೆದು ನುಗ್ಗಿದವರಿಗೆ ಹಲ್ಲೆಕೋರ ಸಿಗುವುದಿಲ್ಲ. ಬಿಡಿಸಲು ಬರುವವನು ಹದಿಹರೆಯದ ವರದಿಗಾರ ರೂಲ್ತಬೀ. ಲೇಖಕ ಎಲ್ಲವನ್ನೂ ನಮ್ಮ ಕಣ್ಣೆದುರಿಗೇ ಇಟ್ಟಿರುತ್ತಾರೆ, ಆದರೂ ನಾವು ನೋಡಿರುವುದಿಲ್ಲ. ಮುಂದೆ ಅಗಾಥಾ ಜೀವನವಿಡೀ ನೆಚ್ಚಿಕೊಂಡದ್ದು ಈ ಪ್ರಾಮಾಣಿಕ ಮೋಸವನ್ನೇ. ತನ್ನ ಪತ್ತೇದಾರ ಯಾರಾಗಬೇಕೆಂದು ಯೋಚಿಸುವಾಗ ಅವರಿಗೆ ರೂಲ್ತಬೀಯ ನೆನಪಾಗಿತ್ತು. ಆದರೆ ಅದೇ ಹೊತ್ತಿಗೆ ಮೊದಲ ಮಹಾಯುದ್ಧದಿಂದ ಓಡಿಬಂದ ಬೆಲ್ಜಿಯಂ ನಿರಾಶ್ರಿತರು ಟಾರ್ಕಿಯಲ್ಲಿ ನೆಲೆಸಿದ್ದರು. ಅವರಲ್ಲೊಬ್ಬನನ್ನು ನಿವೃತ್ತ ಪೊಲೀಸ್ ಅಧಿಕಾರಿಯಾಗಿ ಕಲ್ಪಿಸಿಕೊಂಡಾಗ ಪ್ವಾರೊ ಹುಟ್ಟಿದ.

ಅಷ್ಟರಲ್ಲಿ ಅಗಾಥಾ ಊರಿನ ಯುದ್ಧಕಾಲದ ಆಸ್ಪತ್ರೆಯಲ್ಲಿ ಔಷಧ ಕೊಡುವ ಕೆಲಸಕ್ಕೆ ಸೇರಿದ್ದರು. ಸುತ್ತಲೂ ವಿಷದ ಸೀಸೆಗಳು, ನಡುನಡುವೆ ಬಿಡುವು. 1916ರಲ್ಲಿ ಬರೆದ 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' ಹಲವು ಪ್ರಕಾಶಕರಿಂದ ವಾಪಸು ಬಂದು, ಕೊನೆಗೆ 1920ರಲ್ಲಿ ಪ್ರಕಟವಾಯಿತು. ಅವರಿಗೆ ಸಿಕ್ಕಿದ್ದು 25 ಪೌಂಡ್. ಔಷಧ ತಯಾರಕರ ಪತ್ರಿಕೆಯೊಂದು ವಿಷದ ವಿವರ ಸರಿಯಾಗಿದೆ ಎಂದು ಹೊಗಳಿದ್ದು ಅವರಿಗೆ ದೊಡ್ಡ ಹೆಮ್ಮೆಯಾಗಿತ್ತು.

ಇದಕ್ಕೂ ಮುಂಚಿನ ಒಂದು ಘಟನೆ ಹೊಸಬರಿಗೆ ಗೊತ್ತಿರಬೇಕು. ಹದಿಹರೆಯದಲ್ಲಿ ಬರೆದ ಒಂದು ಕಾದಂಬರಿಯನ್ನು ಅಗಾಥಾ ನೆರೆಯ ಲೇಖಕ ಈಡನ್ ಫಿಲ್‌ಪಾಟ್ಸ್ ಅವರಿಗೆ ತೋರಿಸಿದ್ದರು. ಅವರು ಬರೆದ ಉತ್ತರದಲ್ಲಿ ಎರಡು ಸಲಹೆಗಳಿದ್ದವು. ನೀತಿಬೋಧೆ ತೆಗೆದುಹಾಕಿ, ಪಾತ್ರಗಳನ್ನು ಅವುಗಳ ಪಾಡಿಗೆ ಮಾತಾಡಲು ಬಿಡು ಎಂಬುದು ಒಂದು. ಡಿ ಕ್ವಿನ್ಸಿಯನ್ನು ಓದು, ಪದಸಂಪತ್ತು ಬೆಳೆಯುತ್ತದೆ ಎಂಬುದು ಇನ್ನೊಂದು. ಆ ಕಾದಂಬರಿ ಪ್ರಕಟವಾಗಲೇ ಇಲ್ಲ, ಸಲಹೆ ಮಾತ್ರ ಉಳಿಯಿತು. 1932ರಲ್ಲಿ 'ಪೆರಿಲ್ ಅಟ್ ಎಂಡ್ ಹೌಸ್' ಅನ್ನು ಅವರು ಫಿಲ್‌ಪಾಟ್ಸ್‌ಗೆ ಅರ್ಪಿಸಿದರು. ಮೊದಲ ಓದುಗ ಕೊಟ್ಟ ಪ್ರೋತ್ಸಾಹವನ್ನು ಇಷ್ಟು ವರ್ಷ ನೆನಪಿಟ್ಟವರು ಕಡಿಮೆ.

ಸಮಕಾಲೀನರನ್ನೂ ಅವರು ಅಷ್ಟೇ ಗಮನದಿಂದ ಓದುತ್ತಿದ್ದರು. 1929ರ 'ಪಾರ್ಟ್ನರ್ಸ್ ಇನ್ ಕ್ರೈಮ್' ಸಂಕಲನದ ಕಥೆಗಳಲ್ಲಿ ಟಾಮಿ, ಟಪೆನ್ಸ್ ದಂಪತಿ ಒಂದೊಂದು ಪ್ರಕರಣದಲ್ಲೂ ಒಬ್ಬೊಬ್ಬ ಪ್ರಸಿದ್ಧ ಪತ್ತೇದಾರನಂತೆ ನಟಿಸುತ್ತಾರೆ: ಚೆಸ್ಟರ್‌ಟನ್‌ರ ಫಾದರ್ ಬ್ರೌನ್, ಆಸ್ಟಿನ್ ಫ್ರೀಮನ್‌ರ ಥಾರ್ನ್‌ಡೈಕ್, ಕ್ರಾಫ್ಟ್ಸ್‌ರ ಇನ್‌ಸ್ಪೆಕ್ಟರ್ ಫ್ರೆಂಚ್, ಕಡೆಗೆ ಪ್ವಾರೊ ಕೂಡ. ಬೇರೆಯವರ ನಡೆ ಇಷ್ಟು ಚೆನ್ನಾಗಿ ಅನುಕರಿಸಬೇಕಾದರೆ ಅವರನ್ನು ಎಷ್ಟು ಸಲ ಓದಿರಬೇಕು! 1945ರಲ್ಲಿ ಬ್ರಿಟನ್ನಿನ ವಾರ್ತಾ ಇಲಾಖೆ ಕೇಳಿದ್ದಕ್ಕೆ ತಮ್ಮ ದೇಶದ ಪತ್ತೇದಾರಿ ಲೇಖಕರ ಕುರಿತು ಒಂದು ಪ್ರಬಂಧವನ್ನೂ ಬರೆದುಕೊಟ್ಟರು. ಅದರಲ್ಲಿ ಮಾರ್ಜರಿ ಆಲಿಂಗ್‌ಹ್ಯಾಮ್, ಜಾನ್ ಡಿಕ್ಸನ್ ಕಾರ್ ಅವರ ಮೇಲೆ ಮನಃಪೂರ್ವಕ ಮೆಚ್ಚುಗೆ ಇದೆ. ಡೊರೊಥಿ ಸೇಯರ್ಸ್ ತಮ್ಮ ಪತ್ತೇದಾರ ಲಾರ್ಡ್ ಪೀಟರ್‌ನನ್ನು ಬದಲಾಯಿಸಿದ ರೀತಿಯ ಬಗ್ಗೆ ಅಸಮಾಧಾನವನ್ನೂ ಅವರು ಮುಚ್ಚಿಟ್ಟಿಲ್ಲ. ಗೆಳೆತನಕ್ಕಾಗಿ ಬರೆದ ಪಟ್ಟಿ ಅಲ್ಲ ಅದು.

ಪತ್ತೇದಾರಿಯ ಆಚೆಗೆ ಅವರ ಪ್ರೀತಿ ಡಿಕೆನ್ಸ್ ಮೇಲೆ, ಅದರಲ್ಲೂ 'ಬ್ಲೀಕ್ ಹೌಸ್' ಮೇಲೆ. 1962ರಲ್ಲಿ ಅದಕ್ಕೆ ಚಿತ್ರಕಥೆಯನ್ನೂ ಬರೆದರು, ಸಿನಿಮಾ ಆಗಲಿಲ್ಲ. ಎಲಿಜಬೆತ್ ಬೋವೆನ್, ಮ್ಯೂರಿಯಲ್ ಸ್ಪಾರ್ಕ್, ಗ್ರಹಾಂ ಗ್ರೀನ್ ಅವರಂತೆ ಬರೆಯುವುದು ತಮ್ಮಿಂದಾಗದು ಎಂದು ಆತ್ಮಕಥೆಯಲ್ಲಿ ನೇರವಾಗಿ ಒಪ್ಪಿಕೊಂಡಿದ್ದಾರೆ.

ಬರೆಯಲು ಅವರಿಗೆ ಬೇಕಾದದ್ದು ಅಲುಗಾಡದ ಒಂದು ಮೇಜು ಮತ್ತು ಟೈಪ್‌ರೈಟರ್. ಬಹಳ ಕಾಲ ಬರವಣಿಗೆಗೆಂದೇ ಕೋಣೆಯಿರಲಿಲ್ಲ. ಊಟದ ಮೇಜು, ಮುಖ ತೊಳೆಯುವ ಕಲ್ಲಿನ ಮೇಜು, ಯಾವುದಾದರೂ ಆದೀತು. ಹೊಳೆದದ್ದನ್ನೆಲ್ಲ ಶಾಲೆಯ ನೋಟುಪುಸ್ತಕಗಳಲ್ಲಿ ಗೀಚಿಡುತ್ತಿದ್ದರು. ಅಂಥ 73 ಪುಸ್ತಕಗಳು ಉಳಿದಿವೆ. ಕೊಲೆಯ ಸಂಚಿನ ಪಕ್ಕದಲ್ಲೇ ಮನೆಗೆ ತರಬೇಕಾದ ಸಾಮಾನಿನ ಪಟ್ಟಿ ಇರುತ್ತದೆ. ಪುರಾತತ್ವಜ್ಞ ಗಂಡ ಮ್ಯಾಕ್ಸ್ ಮ್ಯಾಲೋವನ್ ಇರಾಕಿನ ನಿಮ್ರೂದ್‌ನಲ್ಲಿ ಉತ್ಖನನ ಮಾಡಿಸುತ್ತಿದ್ದಾಗ, ಅಲ್ಲಿ ಹಸಿ ಇಟ್ಟಿಗೆಯ ಪುಟ್ಟ ಕೋಣೆಯೊಂದು ಅವರಿಗಾಗಿ ಎದ್ದಿತು. 1950ರ ಏಪ್ರಿಲ್‌ನಲ್ಲಿ ಆತ್ಮಕಥೆ ಆರಂಭಿಸಿದ್ದು ಅಲ್ಲೇ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿದ ನಮ್ಮ ಓದುಗರಿಗೆ ಈ ಪುಸ್ತಕಗಳು ಪರಕೀಯ ಅನ್ನಿಸಲಾರವು. ಇಂಗ್ಲಿಷ್ ಓದಬಲ್ಲವರು ಮೊದಲು 'ಯೆಲ್ಲೋ ರೂಮ್' ಓದಿ, ಆಮೇಲೆ 'ಸ್ಟೈಲ್ಸ್' ತೆಗೆದುಕೊಳ್ಳಿ. ಹೋಮ್ಸ್ ಕಥೆಗಳ ವಾಟ್ಸನ್ ಚೆನ್ನಾಗಿ ಪರಿಚಯವಾದ ಮೇಲಷ್ಟೇ 1926ರ 'ದಿ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್' ಕೈಗೆತ್ತಿಕೊಳ್ಳಿ. ಕಾರಣವನ್ನು ಇಲ್ಲಿ ಹೇಳಿದರೆ ನಿಮ್ಮ ಸುಖ ಕಿತ್ತುಕೊಂಡಂತಾಗುತ್ತದೆ. ಇನ್ನು ನಮ್ಮ ಅನುವಾದಕರಲ್ಲಿ ಒಂದು ಕೋರಿಕೆ. ಗ್ರೀನ್, ಲರೂ ಇಬ್ಬರ ಬರಹಗಳೂ ಹಕ್ಕುಸ್ವಾಮ್ಯದ ಅವಧಿ ದಾಟಿವೆ. ಯಾರ ಅನುಮತಿಯೂ ಬೇಕಿಲ್ಲ. ಯಾರಾದರೂ ದಯವಿಟ್ಟು ಕನ್ನಡದಲ್ಲಿ ಅಚ್ಚುಕಟ್ಟಾಗಿ ಕೊಡಿ.