ಕಿವಿಗೆ ಸಲ್ಲುವಷ್ಟು ನಾದ

ಆಂಪ್ಲಿಫೈಯರ್ ಎಂದರೆ ಸದ್ದನ್ನು ಹೆಚ್ಚಿಸುವ ಪೆಟ್ಟಿಗೆ ಎಂಬುದು ಹಲವರ ಎಣಿಕೆ. ಹೆಡ್‌ಫೋನಿನ ಮಟ್ಟಿಗೆ ಇದು ಅರ್ಧಸತ್ಯವೆಂದೇ ನಾನು ಹೇಳಬಯಸುತ್ತೇನೆ.

ಗಣಕಯಂತ್ರದಲ್ಲಿ ಸಂಗೀತವಿರುವುದು ಅಂಕೆಗಳ ರೂಪದಲ್ಲಿ, ಸಿ.ಡಿ.ಯ ಕ್ರಮದಲ್ಲಾದರೆ ಸೆಕೆಂಡಿಗೆ 44,100 ಬಾರಿ ಅಳೆದ ಅಂಕೆಗಳು. ಅವನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವುದು ಸೌಂಡ್ ಕಾರ್ಡಿನ ಕೆಲಸ. ಆ ಅಲೆಗೆ ಹೆಡ್‌ಫೋನನ್ನು ನಡೆಸುವಷ್ಟು ಕಸುವನ್ನೀಯುವುದು ಆಂಪ್ಲಿಫೈಯರಿನ ಕೆಲಸ. 32 ಓಮ್‌ಗಳ ಸಾಮಾನ್ಯ ಹೆಡ್‌ಫೋನಿಗೆ ಸೌಂಡ್ ಕಾರ್ಡೊಂದೇ ಸಾಕಾಗುವುದುಂಟು. ಸೆನ್‌ಹೈಸರ್ ಎಚ್‌ಡಿ 600ರಂತಹ 300 ಓಮ್‌ಗಳದಕ್ಕೆ ಹೆಚ್ಚಿನ ವೋಲ್ಟೇಜ್ ಬೇಕು. ಆಂಪ್ಲಿಫೈಯರ್ ಸಾರ್ಥಕವಾಗುವುದು ಅಲ್ಲಿಯೇ.

ಇನ್ನು ಜೋಡಣೆಯ ಕ್ರಮ. ಸೌಂಡ್ ಕಾರ್ಡಿನ 'ಲೈನ್ ಔಟ್' ರಂಧ್ರದಿಂದ ಆಂಪ್ಲಿಫೈಯರಿನ 'ಇನ್‌ಪುಟ್'ಗೆ ತಂತಿಯನ್ನೆಳೆದು, ಹೆಡ್‌ಫೋನನ್ನು ಆಂಪ್ಲಿಫೈಯರಿಗೆ ಸೇರಿಸಬೇಕು. ಕಾರ್ಡಿನ ಹೆಡ್‌ಫೋನ್ ರಂಧ್ರದಿಂದ ತಂತಿಯನ್ನು ತಂದರೆ, ಒಮ್ಮೆ ವರ್ಧಿಸಿದುದನ್ನೇ ಮತ್ತೆ ವರ್ಧಿಸಿದಂತಾಗಿ ಗೊರಗೊರ ಸದ್ದೂ ಬೆಳೆದೀತು. ಮೊದಲು ಆಂಪ್ಲಿಫೈಯರಿನ ತಿರುಪನ್ನು ಸೊನ್ನೆಗಿಳಿಸಿ, ಗಣಕದ ಧ್ವನಿಮಟ್ಟವನ್ನು ಬಹುಪಾಲು ಏರಿಸಿ, ಅನಂತರವೇ ಹೆಡ್‌ಫೋನನ್ನು ಧರಿಸಿ ತಿರುಪನ್ನು ಮೆಲ್ಲಮೆಲ್ಲನೆ ತಿರುಗಿಸತಕ್ಕದ್ದು. ತಂಬೂರಿಯ ಶ್ರುತಿ ಹಾಡಿನ ಹಿಂದೆ ತಿಳಿಯಾಗಿ ಕೇಳಿಸಿತೆ? ಅಲ್ಲಿಗೆ ನಿಲ್ಲಿಸಿರಿ.

ನಿಲ್ಲಿಸಿರಿ ಎಂದುದಕ್ಕೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 80 ಡೆಸಿಬೆಲ್ ಸದ್ದಿಗೆ ವಾರಕ್ಕೆ 40 ಗಂಟೆ ಮಿತಿ. 83 ಆದರೆ 20 ಗಂಟೆ ಮಾತ್ರ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮರಳಿ ಹುಟ್ಟವು. ಅರವತ್ತು ದಾಟಿದ ನನ್ನಂಥವರಿಗೆ ತೀಕ್ಷ್ಣಸ್ವರಗಳು ಸಹಜವಾಗಿಯೇ ಮಸುಕಾಗುತ್ತ ಬರುತ್ತವೆ. ತಿರುಪನ್ನೇರಿಸಿ ಅವನ್ನು ಮರಳಿ ಪಡೆಯಹೊರಟರೆ, ಉಳಿದಿರುವ ಶ್ರವಣವನ್ನೂ ಕಳೆದುಕೊಂಡೇವು. ಒಳ್ಳೆಯ ಆಂಪ್ಲಿಫೈಯರಿನ ಉಪಕಾರವೆಂದರೆ, ಮೆಲುದನಿಯಲ್ಲಿಯೇ ಸಂಗೀತವನ್ನು ತುಂಬಿ ಕೊಡುವುದು.