ತತ್ವಜ್ಞಾನಿಗೆ ಅನ್ನ ಹಾಕಿದವರು ಯಾರು?

ಖಾನಾಪುರದಿಂದ ಹೊರಟು ನಂದಗಡ ದಾಟಿದರೆ ಹಲಸಿ. ಕದಂಬರ ಕಾಲದ ಪಲಾಶಿಕಾ ಇದೇ. ಪ್ರವಾಸಿಗರು ಭೂವರಾಹ ನರಸಿಂಹ ದೇವಾಲಯ ನೋಡಿ ಮರಳುತ್ತಾರೆ. ಆದರೆ ಈ ಊರಿನ ಹಳೆಯ ತಾಮ್ರಶಾಸನಗಳಲ್ಲಿ ಒಂದು ಕುತೂಹಲದ ಲೆಕ್ಕವಿದೆ: ಐದು–ಆರನೆಯ ಶತಮಾನದಲ್ಲಿ ತತ್ವಚಿಂತನೆ ಮಾಡುವವರ ಹೊಟ್ಟೆಪಾಡು ಹೇಗೆ ನಡೆಯುತ್ತಿತ್ತು ಎಂಬುದು.

ಕದಂಬರ ಅರಸ ಮೃಗೇಶವರ್ಮ ತಂದೆಯ ನೆನಪಿಗಾಗಿ ಇಲ್ಲೊಂದು ಜಿನಾಲಯ ಕಟ್ಟಿಸಿ, 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಜೈನ ಪಂಗಡಗಳಿಗೆ ದಾನ ಕೊಟ್ಟ. ಅವನ ಮಗ ರವಿವರ್ಮ ಇನ್ನೂ ಮುಂದೆ ಹೋದ. ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಅನ್ನ ನಡೆಯಬೇಕು, ಕುಮಾರದತ್ತ ಮೊದಲಾದ ಪಂಡಿತರಿಗೆ ದತ್ತಿಯ ಫಲ ಸಲ್ಲಬೇಕು ಎಂದು ಕಟ್ಟಳೆ ಮಾಡಿದ. ಖಾನಾಪುರದ ಮಳೆ ಕಂಡವರಿಗೆ ಆ ನಾಲ್ಕು ತಿಂಗಳ ಬೆಲೆ ಗೊತ್ತು.

ಯಾಪನೀಯರು ಹೆಣ್ಣಿಗೂ ಮೋಕ್ಷವುಂಟು ಎಂದವರು. ನಿರ್ಗ್ರಂಥರ ದಿಗಂಬರ ಪರಂಪರೆ ಅದನ್ನು ಒಪ್ಪಲಿಲ್ಲ. ಹೀಗೆ ದಾರಿ ಬೇರೆಯಾದ ಪಂಗಡಗಳನ್ನು ಅರಸ ಒಂದೇ ದಾನದಲ್ಲಿ ಸೇರಿಸಿದ್ದು ಔದಾರ್ಯವೋ ಜಾಣತನವೋ? ಎರಡೂ ಇರಬೇಕು. ಅರಸನ ಭೂಮಿಯ ಅನ್ನ ಉಂಡವರು ಅರಸನನ್ನೇ ಪ್ರಶ್ನಿಸುವುದು ಮಾತ್ರ ಕಷ್ಟ.

ಇದೇ ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ, ಶತಮಾನಗಳ ನಂತರದ ಕತೆ ಬೇರೆ. ಕಲ್ಯಾಣದಲ್ಲಿ ರಕ್ತಪಾತವಾದ ಮೇಲೆ ಶರಣರು ಉಳವಿಯ ಕಡೆ ಹೊರಟಾಗ, ಬೆನ್ನಟ್ಟಿ ಬಂದ ಸೈನ್ಯದೊಂದಿಗೆ ಕಾದಾಡಿ ಡೋಹರ ಕಕ್ಕಯ್ಯ ಇಲ್ಲಿ ಐಕ್ಯನಾದ ಎಂಬುದು ಜನರ ನಂಬಿಕೆ. ಚರ್ಮ ಹದ ಮಾಡುವುದು ಕಕ್ಕಯ್ಯನ ಕಾಯಕ. ಉಂಬಳಿಯಿಲ್ಲ, ಬಿರುದಿಲ್ಲ. ಹಲಸಿಯ ಶಾಸನಗಳು ಸಂಸ್ಕೃತದಲ್ಲಿದ್ದರೆ ಕಕ್ಕಯ್ಯನ ವಚನಗಳು ಆಡುಮಾತಿನ ಕನ್ನಡದಲ್ಲಿವೆ. ಬಸವಣ್ಣ ಈತನನ್ನು ತನ್ನ ಹಿರಿಯರ ಸಾಲಿಗೆ ಸೇರಿಸಿಕೊಂಡ. ತನ್ನ ಅನ್ನ ತಾನೇ ದುಡಿದುಕೊಂಡವನ ಮಾತಿಗೆ ಹಂಗಿಲ್ಲ. ಕಾಯುವ ಅರಸನೂ ಇಲ್ಲ. ಹಲಸಿಯ ಪಂಡಿತರಿಗಿಂತ ನನಗೆ ಕಕ್ಕಯ್ಯನೇ ದೊಡ್ಡವನಾಗಿ ಕಾಣುತ್ತಾನೆ.

ಬೆಳಗಾವಿ ನಗರಕ್ಕೆ ಬರೋಣ. 1892ರ ಅಕ್ಟೋಬರ್. ರಿಸಾಲದಾರ ಗಲ್ಲಿಯ ವಕೀಲ ಭಾಟೆಯವರ ಮನೆಗೆ ಒಬ್ಬ ಬಂಗಾಲಿ ಸನ್ಯಾಸಿ ಬಂದರು. ಎಲೆಅಡಿಕೆ ಹಾಕುತ್ತಾರೆ, ತಂಬಾಕು ಕೇಳುತ್ತಾರೆ! ಮನೆಯವರಿಗೆ ಅಚ್ಚರಿ. ಷಿಕಾಗೊ ಸಭೆಗೆ ಇನ್ನೂ ಹನ್ನೊಂದು ತಿಂಗಳಿತ್ತು. ವಿವೇಕಾನಂದರ ಹೆಸರು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಓದಿದ ಜನ ದಿನವೂ ವಾದಕ್ಕೆ ಕೂಡತೊಡಗಿದರು. ಆಚಾರದಲ್ಲಿ ಸಂಪ್ರದಾಯಸ್ಥ, ವಿಚಾರದಲ್ಲಿ ಸಂಶಯವಾದಿಯಾದ ಒಬ್ಬ ಎಕ್ಸಿಕ್ಯೂಟಿವ್ ಎಂಜಿನಿಯರ್ ವಾದದ ಭರದಲ್ಲಿ ಒರಟಾಗಿಯೇ ಮಾತಾಡಿದರು. ಭಾಟೆಯವರು ಆಕ್ಷೇಪಿಸಿದಾಗ ಸ್ವಾಮೀಜಿ ನಕ್ಕು, ನನಗೇನೂ ಬೇಸರವಿಲ್ಲ ಎಂದರಂತೆ. ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲೂ ಕೆಲವು ದಿನ ಇದ್ದರು. ಅಲ್ಲಿ ಡಿಕನ್ಸ್‌ನ ಪಿಕ್‌ವಿಕ್ ಪೇಪರ್ಸ್‌ನಿಂದ ಪುಟಗಟ್ಟಲೆ ಬಾಯಿಪಾಠ ಒಪ್ಪಿಸಿ ಬೆರಗುಗೊಳಿಸಿದರು.

ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರ ಹೊತ್ತಿಗೆ ತತ್ವಜ್ಞಾನಿ ಪಗಾರದವನಾಗಿದ್ದ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು, 1926ರಲ್ಲಿ ಉಪನಿಷತ್ತುಗಳ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ. ನಿಂಬಾಳದ ಆಶ್ರಮದಲ್ಲಿ ಅದೇ ಮನುಷ್ಯ ಸಾಧಕರ ಗುರು. ಬೆಳಗಾವಿಯ ಹಿಂದವಾಡಿಯಲ್ಲಿ ಅವರ ಹೆಸರಿನ ಮಂದಿರವಿದೆ. ಪಠ್ಯಕ್ರಮ, ಪರೀಕ್ಷೆ, ಅಂಕಗಳ ನಡುವೆ ತತ್ವಶಾಸ್ತ್ರ ಕಾಲೇಜಿನ ಒಂದು ವಿಷಯವಾಗಿ ಉಳಿದದ್ದು ಆ ನಂತರದ ಮಾತು.

ಈಗ ಈ ಭಾಗದಲ್ಲಿ ಪ್ರವಚನಗಳಿಗೆ ಬರವಿಲ್ಲ. ಶ್ರಾವಣ ಬಂದರೆ ಪೆಂಡಾಲು ಏಳುತ್ತದೆ, ದಾಸೋಹ ನಡೆಯುತ್ತದೆ. ಹೇಳುವವರಿದ್ದಾರೆ, ತಲೆದೂಗುವವರಿದ್ದಾರೆ, ಎದ್ದು ನಿಂತು ಪ್ರಶ್ನೆ ಕೇಳುವವರಿಗೆ ಜಾಗವಿಲ್ಲ. ಮುಂದಿನ ಶ್ರಾವಣದಲ್ಲಿ ಪ್ರವಚನ ಏರ್ಪಡಿಸುವವರು ಕೊನೆಯ ಅರ್ಧ ಗಂಟೆಯನ್ನು ಸಭಿಕರ ಪ್ರಶ್ನೆಗಳಿಗೆ ಬಿಡಲಿ. ಒರಟು ಪ್ರಶ್ನೆ ಬಂದರೂ ಮೈಕ್ ಕಸಿದುಕೊಳ್ಳಬೇಡಿ.