ಹಿಂದಕ್ಕೆ ಬರುವ ಗಾಡಿಯ ‘ಜಿಂಗಲ್ ಬೆಲ್ಸ್’

ಆಗಸ್ಟ್ ಕೊನೆಗೆ ಅಮರಗೋಳದ ಎಪಿಎಂಸಿಗೆ ಹೊಸ ಹೆಸರುಕಾಳು ಬರತೊಡಗುತ್ತದೆ. ಬೈರಿದೇವರಕೊಪ್ಪದ ಕಡೆಯಿಂದ ಟಾಟಾ ಏಸ್, ಬೊಲೆರೊ ಪಿಕಪ್‌ಗಳು ಚೀಲ ಹೇರಿಕೊಂಡು ಸಾಲುಗಟ್ಟುತ್ತವೆ. ಅಡತಿ ಅಂಗಡಿಯ ಕಟ್ಟೆಗೆ ಗಾಡಿಯ ಬೆನ್ನು ಹಚ್ಚಬೇಕೆಂದರೆ ರಿವರ್ಸ್ ಹೊಡೆಯಲೇಬೇಕು. ಹಿಂದೆ ನಿಂತವನು ‘ಬರ್ಲಿ, ಬರ್ಲಿ, ಬರ್ಲಿ’ ಎಂದು ಗಾಡಿಯ ಮೈ ತಟ್ಟುತ್ತಿರುತ್ತಾನೆ. ಅದರ ನಡುವೆಯೇ ಹಳೆಯ ಗಾಡಿಯೊಂದರ ಹೊಟ್ಟೆಯಿಂದ ಕೀರಲು ದನಿಯಲ್ಲಿ ‘ಜಿಂಗಲ್ ಬೆಲ್ಸ್’ ಶುರುವಾಗುತ್ತದೆ. ಮೇಲೆ ಶ್ರಾವಣದ ಜಿಟಿಜಿಟಿ ಮಳೆ, ಕ್ರಿಸ್‌ಮಸ್‌ಗೆ ಇನ್ನೂ ನಾಲ್ಕು ತಿಂಗಳು. ಯಾರೂ ತಲೆ ಎತ್ತುವುದಿಲ್ಲ. ದಾರಿಯಲ್ಲಿದ್ದ ಹಮಾಲರು ತುಸು ಬದಿಗೆ ಸರಿಯುತ್ತಾರೆ, ಅಷ್ಟೇ.

ತೊಂಬತ್ತರ ದಶಕದಿಂದೀಚೆಗೆ ಹುಬ್ಬಳ್ಳಿ–ಧಾರವಾಡದಲ್ಲಿ ಬೆಳೆದವರಿಗೆ ಈ ಧಾಟಿ ಚರ್ಚಿನ ಬಾಗಿಲಿಂದ ಬಂದದ್ದಲ್ಲ. ಮಾರುತಿ 800, ಓಮ್ನಿ, ಅಂಬಾಸಿಡರ್‌ಗಳ ಹಿಂಬದಿಯಿಂದ ಬಂತು. ಮನೆಯ ಕಾಲಿಂಗ್ ಬೆಲ್‌ನಿಂದ, ಮಕ್ಕಳ ಆಟಿಕೆಯಿಂದ ಬಂತು. ಎಲ್ಲಕ್ಕಿಂತ ತಮಾಷೆಯೆಂದರೆ, ಗಣಪತಿ ಮಂಟಪಕ್ಕೆ ಇಳಿಬಿಟ್ಟ ಸೀರಿಯಲ್ ಸೆಟ್‌ನಿಂದಲೂ ಬಂತು. ಕೆಂಪು–ಹಸಿರು ದೀಪ ಮಿಣುಕಿಸುತ್ತ ಅದು ವಿಘ್ನೇಶ್ವರನ ಮುಂದೆ ರಾತ್ರಿಯಿಡೀ ಕ್ರಿಸ್‌ಮಸ್ ಹಾಡು ನುಡಿಸುತ್ತಿತ್ತು. ದೇವರೂ ಭಕ್ತರೂ ಸುಮ್ಮನಿದ್ದರು. ಶಾಲೆಯ ಡಿಸೆಂಬರ್ ಕಾರ್ಯಕ್ರಮದಲ್ಲಿ ಹಾಡು ಕೇಳಿದ ಹುಡುಗ ‘ಏ, ಇದು ಕಾರಿನ ಹಾಡು!’ ಎಂದರೆ ಅವನ ಲೆಕ್ಕದಲ್ಲಿ ಅದೇ ಸರಿ.

ಇದು ಹೇಗಾಯಿತು ಎಂಬುದರ ಉತ್ತರ ಮೂರು ಕಾಲಿನ ಒಂದು ಚಿಪ್‌ನಲ್ಲಿದೆ. ಹೆಸರು ಯುಎಂ66. ಮಾಡಿದ್ದು ಥೈವಾನ್‌ನ ಯುನೈಟೆಡ್ ಮೈಕ್ರೋಎಲೆಕ್ಟ್ರಾನಿಕ್ಸ್, 1980ರಲ್ಲಿ ಹುಟ್ಟಿದ ಕಂಪನಿ. ನೋಡಲು ಥೇಟ್ ಟ್ರಾನ್ಸಿಸ್ಟರ್; ತಲೆ ಹೆಸರುಕಾಳಿಗಿಂತ ತುಸು ದೊಡ್ಡದು. ಅದರೊಳಗೆ 64 ಸ್ವರಗಳನ್ನು ಅಚ್ಚೊತ್ತಿ ಕೂರಿಸಿರುತ್ತಾರೆ. ಒಂದೂವರೆಯಿಂದ ನಾಲ್ಕೂವರೆ ವೋಲ್ಟ್ ಕೊಟ್ಟರೆ ಸಾಕು, ನುಡಿಯುತ್ತದೆ. ತೆರೆದರೆ ಹಾಡುವ ಶುಭಾಶಯ ಪತ್ರ, ಗಡಿಯಾರ, ಆಟಿಕೆ ಇಂಥವಕ್ಕಾಗಿ ಮಾಡಿದ ಚಿಪ್ ಇದು. ಶುಭಾಶಯ ಪತ್ರಗಳ ದೊಡ್ಡ ಸುಗ್ಗಿ ಪಶ್ಚಿಮದ ಕ್ರಿಸ್‌ಮಸ್. ಹಾಗಾಗಿ ಚಿಪ್‌ಗಳ ಪಟ್ಟಿ ಶುರುವಾಗುವುದೇ ಆ ಹಾಡುಗಳಿಂದ. 01 ಸಂಖ್ಯೆಯದರಲ್ಲಿ ‘ಜಿಂಗಲ್ ಬೆಲ್ಸ್’ ಜೊತೆ ಇನ್ನೆರಡು ಕ್ರಿಸ್‌ಮಸ್ ಹಾಡು, 02ರಲ್ಲಿ ‘ಜಿಂಗಲ್ ಬೆಲ್ಸ್’ ಒಂದೇ, 04ರಲ್ಲಿ ಮತ್ತೆ ‘ಜಿಂಗಲ್ ಬೆಲ್ಸ್’, ಅದರ ಬೆನ್ನಿಗೆ ‘ರುಡಾಲ್ಫ್’ ಮತ್ತು ‘ಜಾಯ್ ಟು ದ ವರ್ಲ್ಡ್’. ಹುಟ್ಟುಹಬ್ಬದ ಹಾಡು 08ರಲ್ಲಿ, ಬೀಥೋವನ್‌ನ ‘ಫ್ಯೂರ್ ಎಲೀಸ್’ 19ರಲ್ಲಿ. (ಥೈವಾನ್‌ನಲ್ಲಿ ಕಸದ ಲಾರಿಗಳು ಈ ‘ಫ್ಯೂರ್ ಎಲೀಸ್’ ನುಡಿಸುತ್ತಲೇ ಓಣಿಗೆ ಬರುತ್ತವೆ. ಧಾಟಿಯನ್ನು ಬೀದಿಗಿಳಿಸುವುದರಲ್ಲಿ ನಾವು ಒಬ್ಬರೇ ಅಲ್ಲ.)

ನಮ್ಮ ಅಂಗಡಿಗಳಿಗೆ ಈ ಚಿಪ್‌ಗಳು ಬಂದಾಗ ಹಬ್ಬ ಯಾವುದೆಂದು ಕೇಳಿದವರಿಲ್ಲ. ಅಗ್ಗ, ಸಣ್ಣದು, ಕೆಡುವುದಿಲ್ಲ. ಗಾಡಿಯ 12 ವೋಲ್ಟನ್ನು ಒಂದು ಝೀನರ್ ಡಯೋಡ್‌ನಿಂದ ತಗ್ಗಿಸಿ, ಸದ್ದು ಹೆಚ್ಚಿಸಲು ಒಂದು ಟ್ರಾನ್ಸಿಸ್ಟರ್, ಒಂದು ಸ್ಪೀಕರ್ ಸೇರಿಸಿ ಡಬ್ಬಿಗೆ ಹಾಕಿದರೆ ರಿವರ್ಸ್ ಹಾರ್ನ್ ತಯಾರು. ಗೇರ್‌ಬಾಕ್ಸಿನ ಸ್ವಿಚ್ಚಿನಿಂದ ರಿವರ್ಸ್ ಲೈಟಿಗೆ ಹೋಗುವ ವಾಯರಿಗೇ ಅದನ್ನು ಜೋಡಿಸಿಬಿಟ್ಟರೆ ಗೇರ್ ಬಿದ್ದೊಡನೆ ದೀಪವೂ ಹತ್ತುತ್ತದೆ, ಹಾಡೂ ಏಳುತ್ತದೆ. ಅದೇ ಕಂಪನಿ 16 ಕಾಲಿನ ದೊಡ್ಡ ಚಿಪ್ ಒಂದನ್ನೂ ಮಾಡಿತು. ಅದರಲ್ಲಿ ಎಂಟು ಹಾಡು, ಎಂಟೂ ಕ್ರಿಸ್‌ಮಸ್‌ನವೇ! ಆಮೇಲೆ ಕರಿ ಅಂಟಿನ ಬೊಟ್ಟಿನಡಿ ಅಡಗಿದ ಅಗ್ಗದ ಚಿಪ್‌ಗಳು ಬಂದವು. ಚಿಪ್ ಬದಲಾಯಿತು, ಹಾಡು ಬದಲಾಗಲಿಲ್ಲ.

ಈ ಹಾಡೇ ಏಕೆ ಅಷ್ಟು ಗಟ್ಟಿಯಾಗಿ ಕೂತಿತು? ಹಕ್ಕುಸ್ವಾಮ್ಯ ಮುಗಿದ ಹಳೆಯ ಹಾಡು, ಯಾರಿಗೂ ದುಡ್ಡು ಕಟ್ಟಬೇಕಿಲ್ಲ. ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸಬಲ್ಲ ಬಡ ಯಂತ್ರಕ್ಕೆ ಹೇಳಿ ಮಾಡಿಸಿದ ಧಾಟಿ. ನಮ್ಮ ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಅದರ ಪಲ್ಲವಿ ಪೂರ್ತಿ ಷಡ್ಜದಿಂದ ಪಂಚಮದೊಳಗೆ ಮುಗಿಯುತ್ತದೆ. ಐದೂ ಶುದ್ಧ ಸ್ವರ, ಅದರಲ್ಲೂ ಮೊದಲ ಏಳು ಪೆಟ್ಟು ಒಂದೇ ಗಾಂಧಾರಕ್ಕೆ. ಹಾರ್ನ್ ಎಷ್ಟೇ ಕೆಟ್ಟದಾಗಿ ನುಡಿದರೂ ಗುರುತು ತಪ್ಪುವುದಿಲ್ಲ.

ಹಾಗೆಂದು ಹಬ್ಬದ ಹಾಡನ್ನು ನಾವು ಕೆಡಿಸಿದೆವು ಎಂದು ಮರುಗುವ ಮುಂಚೆ ಅದರ ಜಾತಕ ನೋಡಬೇಕು. ಜೇಮ್ಸ್ ಲಾರ್ಡ್ ಪಿಯರ್‌ಪಾಂಟ್ ಬರೆದ ಈ ಹಾಡು ಬಾಸ್ಟನ್‌ನಲ್ಲಿ ಅಚ್ಚಾದದ್ದು 1857ರಲ್ಲಿ, ಇಲ್ಲಿ ಹಲಗಲಿಯ ಬೇಡರು ಬಂಡೆದ್ದ ವರ್ಷ. ಆಗ ಇದರ ಹೆಸರೇ ಬೇರೆ, ‘ಒನ್ ಹಾರ್ಸ್ ಓಪನ್ ಸ್ಲೇ’. ರಂಗಭೂಮಿಯ ಇತಿಹಾಸಕಾರ್ತಿ ಕೈನಾ ಹ್ಯಾಮಿಲ್ ಹುಡುಕಿ ತೆಗೆದ ಪ್ರಕಾರ ಮೊದಲು ಹಾಡಿದ್ದು ಸೆಪ್ಟೆಂಬರ್ 15ರಂದು, ಬಾಸ್ಟನ್‌ನ ಆರ್ಡ್‌ವೇ ಹಾಲ್‌ನಲ್ಲಿ; ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ಮಿನ್‌ಸ್ಟ್ರೆಲ್ ಪ್ರದರ್ಶನದಲ್ಲಿ. ಅಂದರೆ ಹಾಡು ಹುಟ್ಟಿದ್ದೇ ಹಂಗಾಮು ತಪ್ಪಿ, ಅದೂ ಅಷ್ಟೇನೂ ಮರ್ಯಾದಸ್ಥವಲ್ಲದ ಜಾಗದಲ್ಲಿ. ಇಡೀ ಹಾಡಿನಲ್ಲಿ ಕ್ರಿಸ್ತನಿಲ್ಲ, ಕ್ರಿಸ್‌ಮಸ್ ಇಲ್ಲ. ಹಿಮದ ಮೇಲೆ ಕುದುರೆ ಬಂಡಿ ಓಡಿಸುವ ಹುಡುಗು ಉಮೇದು, ಬಂಡಿ ಪಲ್ಟಿಯಾಗುವ ಫಜೀತಿ ಇದೆ. ಗಾಡಿಯ ಹಾಡು ಗಾಡಿಗೇ ಬಂದು ಸೇರಿತು ಎಂದರೂ ನಡೆದೀತು. 04ನೇ ಚಿಪ್‌ನ ‘ಜಾಯ್ ಟು ದ ವರ್ಲ್ಡ್’ ಕತೆಯೂ ಸುಮಾರು ಇದೇ. ಐಸಾಕ್ ವಾಟ್ಸ್ 1719ರಲ್ಲಿ 98ನೇ ಕೀರ್ತನೆಯನ್ನು ಆಧರಿಸಿ ಬರೆದದ್ದು, ಕ್ರಿಸ್‌ಮಸ್‌ಗೆಂದು ಬರೆದದ್ದಲ್ಲ.

ನಿಜವಾದ ಕ್ರೈಸ್ತ ಹಾಡು ಈ ಭಾಗಕ್ಕೆ ಬಂದ ದಾರಿ ಬೇರೆ. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಅವರ ನಂತರ 1853ರಲ್ಲಿ ಬಂದ ಕಿಟೆಲ್, ನಿಘಂಟಿಗೆ ಬಹಳ ಮೊದಲು, ಕ್ರಿಸ್ತನ ಚರಿತ್ರೆಯನ್ನು ಇಲ್ಲಿನದೇ ಛಂದಸ್ಸಿಗೆ ಹೊಂದಿಸಿ ‘ಕಥಾಮಾಲೆ’ ಬರೆದರು. 1862ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಪರದೇಶದ ಹಾಡು ನಮ್ಮ ಕಿವಿಗೆ ಒಗ್ಗಲೆಂದು ಅಷ್ಟು ಕಷ್ಟಪಟ್ಟರು. ಚಿಪ್ ಯಾವ ಕಷ್ಟವನ್ನೂ ಪಡಲಿಲ್ಲ, ಮನೆಮನೆಗೆ ನುಗ್ಗಿತು.

ಬೈರಿದೇವರಕೊಪ್ಪದ ಪಕ್ಕದ ಉಣಕಲ್‌ನಲ್ಲಿ ಡಾ. ಗಂಗೂಬಾಯಿ ಹಾನಗಲ್ ಗುರುಕುಲವಿದೆ. ಬೆಳಿಗ್ಗೆ ಭೈರವ, ಸಂಜೆ ಯಮನ್, ಮಳೆಗೆ ಮಲ್ಹಾರ, ವಸಂತಕ್ಕೆ ಬಸಂತ್ ಎಂದು ಹೊತ್ತು–ಹಂಗಾಮು ನೋಡಿ ಹಾಡುವ ಪರಂಪರೆ ಅದು. ಅಂಥ ಸೀಮೆಯಲ್ಲೇ ಡಿಸೆಂಬರಿನ ಹಾಡು ಬಾರಾಮಾಸಿ ನುಡಿದದ್ದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಅದನ್ನು ಸಂಗೀತವೆಂದು ಎಣಿಸಿದ್ದರಲ್ಲವೇ ತಕರಾರು? ಅದರ ಅರ್ಥ ಇಷ್ಟೇ ಆಗಿತ್ತು: ಸರೀರಿ, ಗಾಡಿ ಹಿಂದ ಬರಾಕತ್ತೇದ.

ಕಾನೂನು ಮಾತ್ರ ಒಪ್ಪುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ, ಒಂದರ ಹಿಂದೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನನ್ನು ಗಾಡಿಗೆ ಹಚ್ಚಕೂಡದು ಎನ್ನುತ್ತದೆ. ಆದರೆ ಹಾಡನ್ನು ಹಿಂದಕ್ಕೆ ಸರಿಸಿದ್ದು ಈ ನಿಯಮಕ್ಕಿಂತ ಹೆಚ್ಚಾಗಿ ಸೆನ್ಸರ್. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಯಿತು. ಗೋಡೆ ಹತ್ತಿರವಾದಷ್ಟೂ ಬೀಪ್ ಚುರುಕಾಗುತ್ತದೆ. ಹಾಡು ಅದನ್ನು ಹೇಳುತ್ತಿರಲಿಲ್ಲ. ಗಾಡಿ ಗೋಡೆಗೆ ಗುದ್ದುವವರೆಗೂ ಅದೇ ಖುಷಿಯಲ್ಲಿ ನುಡಿಯುತ್ತಿತ್ತು.

ಆದರೂ ಸೆನ್ಸರ್ ಮಾತಾಡುವುದು ಒಳಗೆ ಕೂತವನೊಂದಿಗೆ, ಹಾಡು ಮಾತಾಡುತ್ತಿದ್ದುದು ಹೊರಗಿದ್ದವರೊಂದಿಗೆ. ಹಳೇ ಊರಿನ ಓಣಿಯಲ್ಲಿ ಆಡುವ ಹುಡುಗರಿಗೆ, ಕಟ್ಟೆಯ ಮೇಲೆ ಕೂತ ಅಜ್ಜನಿಗೆ ಬೀಪ್ ಕೇಳಿಸುವುದಿಲ್ಲ. ಚಿಪ್‌ಗೆ ಇನ್ನೊಂದು ಗುಣವಿದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಮೊದಲ ಸ್ವರದಿಂದಲೇ ಶುರು. ಗೇರ್ ತೆಗೆದು ಹಾಕಿದ ಪ್ರತಿ ಸಲವೂ ಹಾಡು ಮತ್ತೆ ಮೊದಲಿಗೆ ಬರುತ್ತದೆ. ಅಂಗಡಿಯ ಕಟ್ಟೆಗೆ ಗಾಡಿ ಹಚ್ಚುವಷ್ಟರಲ್ಲಿ ಪಲ್ಲವಿ ದಾಟುವುದೇ ಅಪರೂಪ, ಮುಂದಿನ ಹಾಡುಗಳ ಸರದಿ ಬರುವುದಿಲ್ಲ. ತಿರುಗಿಸಲು ಜಾಗವಿಲ್ಲದ ಓಣಿಯೊಳಗೆ ಸಿಮೆಂಟು ಇಳಿಸಲು ಹೋದ ಗಾಡಿ ಮುಖ್ಯರಸ್ತೆಯವರೆಗೆ ಹಿಮ್ಮುಖವಾಗಿಯೇ ಬರಬೇಕಾದಾಗ ಮಾತ್ರ, 01ನೇ ಚಿಪ್ ಇದ್ದರೆ, ಸಾಂಟಾ ಕ್ಲಾಸ್ ಊರಿಗೆ ಬರುವ ಎರಡನೆಯ ಹಾಡೂ ಕೇಳುತ್ತದೆ.